ಒಂದು ‘ಟಿಕ್’ನ ಮೂಲ ಹುಡುಕುತ್ತಾ

“ತಟ್ಟೆ ಬಡುದ್ರೆ ಬೆಚ್ಚಿ ಬೀಳ್ತದೆ ಕಣಪ್ಪಾ. ಬಾಗ್ಲಲ್ಲಿ ನಿಂತು ಕೂಗುದ್ರೆ ಮಾತ್ರ ತಿರುಗಿ ನೋಡಾಕಿಲ್ಲ.”

ಮಂಡ್ಯ ಸೀಮೆಯ ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಅಜ್ಜಿ ಹೀಗೆ ಹೇಳಿದಾಗ ಅವರ ಕೈಯಲ್ಲಿ ಮೊಮ್ಮಗಳ ಬೆರಾ ಎಂಬ ಕಿವಿ ಪರೀಕ್ಷೆಯ ವರದಿ ಇತ್ತು. ಏಳು ತಿಂಗಳ ಕೂಸು. ಎರಡೂ ಕಿವಿಗಳಲ್ಲಿ 30 ಡೆಸಿಬೆಲ್‌ವರೆಗೆ ಅಲೆ ಚೆನ್ನಾಗಿ ಬಂದಿದೆ, ಕಿವಿಗೆ ತೊಂದರೆಯಿಲ್ಲ ಎಂದು ವರದಿ ಹೇಳುತ್ತಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಸ್ಟೀಲ್ ತಟ್ಟೆ, ಬಾಗಿಲ ಚಿಲಕ, ಕೈಬಳೆ, ಪಿಸುಮಾತು ಎಲ್ಲವನ್ನೂ ಅವರು ಒಂದೊಂದಾಗಿ ಆ ಕೂಸಿನ ಮೇಲೆ ಪ್ರಯೋಗ ಮಾಡಿ ನೋಡಿದ್ದರು. ಕಾಗದದ ಮಾತನ್ನು ನಂಬಲು ಅವರು ತಯಾರಿರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಯಂತ್ರ ನೋಡಲು. ಕಿವಿ ಪರೀಕ್ಷೆಯ ಯಂತ್ರಗಳು ತಾವು ಹೇಳಿದಷ್ಟೇ ಸದ್ದನ್ನು ಹೊರಡಿಸುತ್ತಿವೆಯೇ ಎಂದು ಅಳೆದು ಸರಿಪಡಿಸುವ ಕ್ಯಾಲಿಬ್ರೇಷನ್ ನನ್ನ ಕೆಲಸ. ಬೆರಾ ಪರೀಕ್ಷೆ ನೋಡಿದವರಿಗೆ ಗೊತ್ತು: ಮಗುವನ್ನು ಮಲಗಿಸಿ, ಹಣೆಗೂ ಕಿವಿಯ ಹಿಂದಕ್ಕೂ ಎಲೆಕ್ಟ್ರೋಡ್ ಅಂಟಿಸಿ, ಕಿವಿಯೊಳಗೆ ಮೆತ್ತನೆಯ ಫೋಮ್ ತುದಿ ಇಟ್ಟು ಟಿಕ್ ಟಿಕ್ ಟಿಕ್ ಎಂದು ಸದ್ದು ಕಳಿಸುತ್ತಾರೆ. ಪ್ರತಿ ಟಿಕ್‌ಗೂ ಶ್ರವಣ ನರದಲ್ಲಿ, ಮೆದುಳಿನ ಕಾಂಡದಲ್ಲಿ ಒಂದು ಪುಟ್ಟ ವಿದ್ಯುತ್ ಮಿಡಿತ ಏಳುತ್ತದೆ. ಅದು ಒಂದು ಮೈಕ್ರೋವೋಲ್ಟಿಗಿಂತಲೂ ಕಡಿಮೆ. ಕತ್ತಿನ ಸ್ನಾಯು ಒಂದಿಷ್ಟು ಬಿಗಿಯಾದರೂ ಅದರಲ್ಲಿ ಮುಳುಗಿಹೋಗುವಷ್ಟು. ಹಾಗಾಗಿ ಸುಮಾರು 2000 ಟಿಕ್‌ಗಳ ಉತ್ತರ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಆಗ ಗದ್ದಲವೆಲ್ಲ ಒಂದನ್ನೊಂದು ಹೊಡೆದು ತಗ್ಗಿ, ಐದಾರು ಸಣ್ಣ ಉಬ್ಬುಗಳ ಅಲೆ ಮೇಲೇಳುತ್ತದೆ. ಅಮೆರಿಕದ ಜೀವೆಟ್ ಮತ್ತು ವಿಲ್ಲಿಸ್ಟನ್ 1971ರಲ್ಲಿ ಈ ಉಬ್ಬುಗಳನ್ನು ವಿವರವಾಗಿ ವರ್ಣಿಸಿದರು. ಅವಕ್ಕೆ ಕೊಟ್ಟ ರೋಮನ್ ಅಂಕಿಗಳೇ ಇವತ್ತಿಗೂ ನಡೆಯುತ್ತಿವೆ. ಐದನೆಯ ಉಬ್ಬು ಎಲ್ಲಕ್ಕಿಂತ ಗಟ್ಟಿ ಜೀವ. ಸದ್ದು ತಗ್ಗಿಸುತ್ತಾ ಹೋದಂತೆ ಉಳಿದವೆಲ್ಲ ಮಾಯವಾದರೂ ಅದು ಕೊನೆಯವರೆಗೆ ನಿಲ್ಲುತ್ತದೆ. ಅದು ಯಾವ ಡೆಸಿಬೆಲ್‌ನಲ್ಲಿ ಅಳಿಸಿಹೋಗುತ್ತದೋ ಅದರ ಮೇಲೆ ಮಗುವಿನ ಕಿವಿಯ ಲೆಕ್ಕ. ಕೂಸಿಗೆ ಬಾಯಿಲ್ಲ, ಅದರ ನರ ಮಾತಾಡುತ್ತದೆ. ಎಷ್ಟು ವರ್ಷವಾದರೂ ನನಗೆ ಇದು ಅಚ್ಚರಿಯೇ.

ಆ ಕೂಸಿನ ನರ ನಿಜವನ್ನೇ ಹೇಳಿತ್ತು. ಆದರೆ ಅದನ್ನು ಕೇಳಿದ ಪ್ರಶ್ನೆ ತಪ್ಪಾಗಿತ್ತು.

ಟಿಕ್ ಎಂಬ ಸದ್ದನ್ನು ಅಳೆಯುವುದು ಸುಲಭವಲ್ಲ. ಯಂತ್ರ ಇಯರ್‌ಫೋನಿಗೆ ಕೊಡುವ ವಿದ್ಯುತ್ ತಟ್ಟು ಕೇವಲ 100 ಮೈಕ್ರೋಸೆಕೆಂಡಿನದು. ಸದ್ದು ಅಳೆಯುವ ಮೀಟರನ್ನು ‘ಫಾಸ್ಟ್’ ಎಂಬಲ್ಲಿಟ್ಟರೂ ಅದರ ಲೆಕ್ಕದ ಗತಿ 125 ಮಿಲಿಸೆಕೆಂಡ್. ರಾಗಿ ಮೂಟೆ ತೂಗುವ ತಕ್ಕಡಿಯಲ್ಲಿ ಸಾಸಿವೆ ಕಾಳು ಇಟ್ಟ ಹಾಗೆ. ಮುಳ್ಳು ಅಲುಗುವುದೇ ಇಲ್ಲ. ಅದಕ್ಕೆ ಹಿರಿಯರು ಒಂದು ಉಪಾಯ ಕಂಡುಹಿಡಿದಿದ್ದಾರೆ. ಇಯರ್‌ಫೋನನ್ನು ಲೋಹದ ಕೃತಕ ಕಿವಿಗೆ ಸೇರಿಸಿ, ಅದರ ತಳದ ಮೈಕ್ರೋಫೋನಿನಿಂದ ಬರುವ ಸಂಕೇತವನ್ನು ಆಸಿಲೋಸ್ಕೋಪಿನ ಪರದೆಗೆ ಕೊಡಬೇಕು. ಟಿಕ್ ಅಲ್ಲಿ ಒಂದು ಚೂಪು ಶಿಖರ, ಒಂದು ಕಣಿವೆ, ಆಮೇಲೆ ಒಂದೆರಡು ನಡುಕಗಳಾಗಿ ಕಾಣುತ್ತದೆ. ಶಿಖರದಿಂದ ಕಣಿವೆಗೆ ಎಷ್ಟು ಎತ್ತರ ಎಂದು ಗುರುತು ಹಾಕಿಕೊಂಡು, ಅದೇ ಮೈಕ್ರೋಫೋನಿಗೆ 1000 ಹರ್ಟ್ಸ್‌ನ ದೀರ್ಘ ಸ್ವರ ಕೊಟ್ಟು, ಅದರ ಅಲೆಯೂ ಅಷ್ಟೇ ಎತ್ತರಕ್ಕೆ ಏಳುವವರೆಗೆ ಏರಿಸಬೇಕು. ಈ ಸ್ವರ ನಿಂತು ಮಾತಾಡುವ ಜಾತಿಯದು, ಮೀಟರಿಗೆ ಸಿಗುತ್ತದೆ. ಅದರ ಅಂಕಿಯೇ ಟಿಕ್‌ನ ಅಂಕಿ. ಓಡುವ ಹುಡುಗನ ತಲೆಯ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದು, ಆ ಗೆರೆಗೆ ಸರಿಯಾಗಿ ನಿಲ್ಲುವ ಇನ್ನೊಬ್ಬನನ್ನು ಅಳೆದ ಹಾಗೆ. ಇದನ್ನು ಪೀಕ್ ಇಕ್ವಿವಲೆಂಟ್ ಮಟ್ಟ ಎನ್ನುತ್ತೇವೆ.

ಆ ಯಂತ್ರದ ಗುಂಡಿಯನ್ನು ನಾನು 70ಕ್ಕೆ ಇಟ್ಟೆ. ಕಿವಿಯೊಳಗೆ ತೂರಿಸುವ ಆ ಬಗೆಯ ಇಯರ್‌ಫೋನಿಗೆ ಅಂತರರಾಷ್ಟ್ರೀಯ ಮಾನಕ ಕೊಟ್ಟಿರುವ ಸೊನ್ನೆ (ಚೆನ್ನಾಗಿರುವ ಕಿವಿಗೆ ಟಿಕ್ ಆಗಷ್ಟೇ ಕೇಳಿಸುವ ಮಟ್ಟ) 35.5 ಡೆಸಿಬೆಲ್. ಅಂದರೆ 105.5 ಬರಬೇಕು. ಬಂದದ್ದು 120.5. ಹದಿನೈದು ಡೆಸಿಬೆಲ್ ಹೆಚ್ಚು! ವಿಚಾರಿಸಿದರೆ ಕಾರಣ ಸಣ್ಣದು: ಹಳೆಯ ಇಯರ್‌ಫೋನ್ ಕೆಟ್ಟಾಗ ಇನ್ನೊಂದು ಯಂತ್ರದ್ದನ್ನು ತಂದು ಸಿಕ್ಕಿಸಿದ್ದರು. ಪಿನ್ನು ಹೊಂದಿತು, ಸದ್ದೂ ಬಂತು. ಇಯರ್‌ಫೋನ್ ಬದಲಾದರೆ ಯಂತ್ರದ ಲೆಕ್ಕವೂ ಬದಲಾಗಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ. ವರದಿ 30 ಎಂದಾಗ ಕೂಸಿನ ಕಿವಿಗೆ ಹೋಗುತ್ತಿದ್ದದ್ದು 45. ಸರಿಪಡಿಸಿ ಮತ್ತೆ ಪರೀಕ್ಷೆ ಮಾಡಿದಾಗ ಐದನೆಯ ಉಬ್ಬು 45ರಲ್ಲೇ ನಿಂತುಹೋಯಿತು. ಅಜ್ಜಿಯ ತಟ್ಟೆ ಗೆದ್ದಿತು. ಮಗುವಿಗೆ ಶ್ರವಣ ಸಾಧನ ಹಾಕಿದರು.

ಮೈಸೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ನನಗೆ ನೆಮ್ಮದಿ ಇರಲಿಲ್ಲ. ಯಂತ್ರ ಸುಳ್ಳು ಹೇಳಿತು ಎಂದು ನನ್ನ ಮೀಟರು ಹೇಳಿತು. ನನ್ನ ಮೀಟರು ನಿಜ ಹೇಳುತ್ತದೆ ಎಂದು ಹೇಳಿದ್ದು ಪಿಸ್ಟನ್‌ಫೋನ್. ಪಿಸ್ಟನ್‌ಫೋನಿಗೆ ಯಾರು ಹೇಳಿದರು? ಆ 35.5 ಎಂಬ ಸೊನ್ನೆ ಯಾರ ಕಿವಿಯದು? ತಲಕಾವೇರಿಗೆ ಹೋಗದೆ ಕಾವೇರಿಯ ನೀರು ಕುಡಿಯುತ್ತಾ ಬದುಕಬಹುದು, ಲಕ್ಷಾಂತರ ಜನ ಹಾಗೆಯೇ ಬದುಕಿದ್ದಾರೆ. ಆದರೆ ಒಂದು ಸಲ ಹೋಗಿ ನೋಡಬೇಕು ಎಂದು ಆ ದಿನ ಅನ್ನಿಸಿದ್ದು ಮತ್ತೆ ಮನಸ್ಸಿನಿಂದ ಹೋಗಲಿಲ್ಲ.

ಮರುವರ್ಷ ಚಳಿಗಾಲದಲ್ಲಿ, ಆ ಮೂಲ ನೋಡಿಬರಲು, ಎರಡು ವಾರದ ತರಬೇತಿಯೊಂದರ ನೆಪದಲ್ಲಿ ಡೆನ್ಮಾರ್ಕಿಗೆ ಹೊರಟೆ. ಕೈಚೀಲದಲ್ಲಿ ಪಿಸ್ಟನ್‌ಫೋನಿನ ಜೊತೆಗೆ ಬರುವ ಬ್ಯಾರೋಮೀಟರ್ ಇಟ್ಟುಕೊಂಡಿದ್ದೆ. ಪಿಸ್ಟನ್‌ಫೋನ್ ಎಂದರೆ ಒಂದು ಮುಚ್ಚಿದ ಪುಟ್ಟ ಕೋಣೆ, ಅದರೊಳಗೆ ಒಂದೇ ಸಮನೆ ಒಳಗೂ ಹೊರಗೂ ಆಡುವ ಪಿಸ್ಟನ್. ಮೈಕ್ರೋಫೋನನ್ನು ಅದರ ಬಾಯಿಗೆ ಇಟ್ಟರೆ 250 ಹರ್ಟ್ಸ್ ಆಸುಪಾಸಿನಲ್ಲಿ 124 ಡೆಸಿಬೆಲ್‌ನ ಗುಂಯ್‌ಗುಡುವಿಕೆ. ಈ 124 ಸಮುದ್ರ ಮಟ್ಟದ ಮಾತು. ಪಿಸ್ಟನ್ ಹಿಂಡುವುದು ಅಲ್ಲಿರುವ ಗಾಳಿಯನ್ನು ತಾನೇ? ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಸದ್ದೂ ಕಡಿಮೆ. ಮೈಸೂರು ಸಮುದ್ರಕ್ಕಿಂತ ಸುಮಾರು 770 ಮೀಟರ್ ಎತ್ತರ; ಇಲ್ಲಿ ಮುಳ್ಳು ಮೈನಸ್ 0.8ರ ಹತ್ತಿರ ನಿಲ್ಲುತ್ತದೆ. ಬ್ಯಾರೋಮೀಟರಿನ ಮುಖದ ಮೇಲೆ ಒತ್ತಡದ ಅಂಕಿಗಳ ಜೊತೆಗೆ ನೇರವಾಗಿ ಡೆಸಿಬೆಲ್‌ಗಳನ್ನೇ ಬರೆದಿರುತ್ತಾರೆ, ಕೂಡಿಸಿ ಕಳೆದು ನೋಡಿಕೊಳ್ಳಲಿ ಎಂದು.

ನನ್ನ ಕೆಲಸದ ಬದುಕೆಲ್ಲ ಆ ಮುಳ್ಳು ಸೊನ್ನೆಯ ಎಡಕ್ಕೇ ಇದ್ದದ್ದು. ವಿಮಾನದೊಳಗೆ ಕಿಟಕಿ ಪಕ್ಕ ಕೂತು ತೆಗೆದು ನೋಡಿದೆ: ಮೈಸೂರಿನ ಅಂಕಿಯನ್ನೂ ದಾಟಿ ಇನ್ನೂ ಕೆಳಗೆ ಹೋಗಿತ್ತು. ಕೋಪನ್‌ಹೇಗನ್‌ನ ನಿಲ್ದಾಣದಲ್ಲಿ ಇಳಿದು, ಸಾಮಾನು ಬರುವ ಬೆಲ್ಟಿನ ಪಕ್ಕ ಮತ್ತೆ ತೆಗೆದೆ. ಸಮುದ್ರದ ಅಂಚಿನ ಊರು, ಮೇಲೆ ತಣ್ಣಗಿನ ಭಾರದ ಗಾಳಿ. ಮುಳ್ಳು ಸೊನ್ನೆಗಿಂತ ಒಂದು ಕೂದಲೆಳೆ ಬಲಕ್ಕೆ ನಿಂತಿತ್ತು. ಆ ಸೊನ್ನೆಯನ್ನು ನಾನು ಅದರ ಹುಟ್ಟೂರಿನಲ್ಲಿ ಮೊದಲ ಸಲ ನೋಡುತ್ತಿದ್ದೆ. ಕಣ್ಣು ಮಂಜಾಯಿತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ರಾತ್ರಿ ಹಿಮ ಬಿತ್ತು. ಬೆಳಿಗ್ಗೆ ಎದ್ದರೆ ಏನೋ ಕಳೆದುಹೋಗಿದೆ ಅನ್ನಿಸಿತು. ಬಸ್ಸು ಓಡುತ್ತಿದೆ, ಜನ ನಡೆಯುತ್ತಿದ್ದಾರೆ, ಸೈಕಲ್ಲುಗಳು ಹೋಗುತ್ತಿವೆ. ಸದ್ದು ಮಾತ್ರ ಇಲ್ಲ. ನನ್ನನ್ನು ಕರೆದುಕೊಂಡು ಹೋಗಲು ಬಂದ ಧಾರವಾಡ ಕಡೆಯ ಹುಡುಗ, ಅಲ್ಲೇ ಪಿಎಚ್.ಡಿ. ಮಾಡುತ್ತಿದ್ದವನು, ನಕ್ಕ. “ಸರ, ಹಿಮಾ ಬಿತ್ತಂದ್ರ ಊರಿಗೆ ಊರss ಗಪ್ ಆಗಿಬಿಡ್ತೈತ್ರಿ.” ಹೊಸ ಹಿಮದ ಹರಳುಗಳ ನಡುವೆ ಗಾಳಿಯ ಸಂದುಗಳು ತುಂಬಿರುತ್ತವೆ. ಸದ್ದು ಆ ಸಂದುಗಳಿಗೆ ನುಗ್ಗಿ ಅಲ್ಲೇ ಸವೆದುಹೋಗುತ್ತದೆ. ಪರೀಕ್ಷಾ ಕೋಣೆಯ ಗೋಡೆಗೆ ನಾವು ಫೋಮ್ ಮೆತ್ತಿ ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ಆಕಾಶ ಒಂದೇ ರಾತ್ರಿಯಲ್ಲಿ ಇಡೀ ರಾಜಧಾನಿಗೆ ಮಾಡಿತ್ತು.

ರೈಲು ಹಿಡಿಯುವ ಮೊದಲು ಅವನು ನನ್ನನ್ನು ಓರ್‌ಸ್ಟೆಡ್ ಹೆಸರಿನ ಪಾರ್ಕಿಗೆ ಕರೆದೊಯ್ದ. ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್‌ನ ಪ್ರತಿಮೆ ಹಿಮ ಹೊತ್ತು ನಿಂತಿತ್ತು. 1820ರಲ್ಲಿ ಇದೇ ಊರಿನಲ್ಲಿ, ವಿದ್ಯುತ್ ಹರಿಯುವ ತಂತಿಯ ಪಕ್ಕ ಇಟ್ಟ ದಿಕ್ಸೂಚಿಯ ಮುಳ್ಳು ತಿರುಗಿದ್ದನ್ನು ಕಂಡವನು. ಅಲ್ಲಿಯವರೆಗೆ ವಿದ್ಯುತ್ತು ಬೇರೆ, ಅಯಸ್ಕಾಂತ ಬೇರೆ. ಆ ಮುಳ್ಳು ಅಲುಗದಿದ್ದರೆ ಇಯರ್‌ಫೋನೇ ಇಲ್ಲ: ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಾಂತಶಕ್ತಿ ಪರದೆಯನ್ನು ನೂಕುತ್ತದೆ, ಪರದೆ ಗಾಳಿಯನ್ನು ನೂಕುತ್ತದೆ, ಅದೇ ನಮ್ಮ ಟಿಕ್. ನಮ್ಮ ಕೆಲಸದ ದೊಡ್ಡ ಕಾಟವೂ ಅಲ್ಲಿಂದಲೇ ಬಂದದ್ದು. ಆ ಸುರುಳಿಯ ಕಾಂತಶಕ್ತಿ ಪಕ್ಕದ ಎಲೆಕ್ಟ್ರೋಡ್ ತಂತಿಗೂ ತಾಗಿ, ಮಗುವಿನ ನರ ಏಳುವ ಮೊದಲೇ ಯಂತ್ರದ ತೆರೆಯ ಮೇಲೆ ದೊಡ್ಡ ಕಲೆ ಬೀಳಿಸುತ್ತದೆ. ಅದಕ್ಕೇ ಕಿವಿಗೆ ತೂರಿಸುವ ಇಯರ್‌ಫೋನಿನಲ್ಲಿ ಸದ್ದಿನ ಡಬ್ಬಿಯನ್ನು ದೂರವಿಟ್ಟು, ಹೆಚ್ಚುಕಡಿಮೆ ಒಂದಡಿ ಉದ್ದದ ಮೆತ್ತನೆ ಕೊಳವೆ ಜೋಡಿಸಿರುತ್ತಾರೆ. ಅದರೊಳಗೆ ಸದ್ದು ನಡೆದು ಕಿವಿ ಮುಟ್ಟಲು ಸುಮಾರು 0.9 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ವಿದ್ಯುತ್ತಿನ ಕಲೆ ಬಂದು ಹೋಗಿರುತ್ತದೆ. ಪ್ರತಿಮೆಯ ಕೆಳಗೆ ನಿಂತು, ಈತನ ಮುಳ್ಳಿಗೂ ನಮ್ಮ ಕೊಳವೆಗೂ ಇರುವ ನಂಟನ್ನು ಆ ಹುಡುಗನಿಗೆ ಹೇಳಿದೆ. ಅವನ ಪಿಎಚ್.ಡಿ. ಬೇರೆ ಯಾವುದೋ ವಿಷಯದ್ದು, ಆದರೂ ಕೈ ಉಜ್ಜಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡ.

ನಗರದಿಂದ ಉತ್ತರಕ್ಕಿರುವ ಲ್ಯುಂಗ್‌ಬಿಯಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯವಿದೆ. 1829ರಲ್ಲಿ ಪಾಲಿಟೆಕ್ನಿಕ್ ಶಾಲೆಯಾಗಿ ಅದನ್ನು ಕಟ್ಟಿದವನೂ ಅದೇ ಓರ್‌ಸ್ಟೆಡ್. ಸದ್ದಿನ ವಿಷಯದಲ್ಲಿ ಈ ಪುಟ್ಟ ದೇಶದ ಹಟ ಬೆರಗು ಹುಟ್ಟಿಸುವಂಥದ್ದು. ಇಲ್ಲಿ ಓದಿದ ಪೆರ್ ಬ್ರೂಯೆಲ್ ಮತ್ತು ವಿಗ್ಗೊ ಕ್ಯಾರ್ 1942ರಲ್ಲಿ ಕಟ್ಟಿದ ಕಂಪನಿಯ ಮೈಕ್ರೋಫೋನುಗಳು ಜಗತ್ತಿನ ಮೂಲೆಮೂಲೆಯ ಪ್ರಯೋಗಾಲಯಗಳನ್ನು ಮುಟ್ಟಿವೆ. ಅವರ ತಿಳಿಹಸಿರು ಮುಖದ ಹಳೆಯ ಪೆಟ್ಟಿಗೆಗಳನ್ನು ಮುಟ್ಟಿ ನಮಸ್ಕರಿಸಿ ಕೆಲಸ ಶುರುಮಾಡುತ್ತಿದ್ದವರನ್ನು ನಾನು ಕಂಡಿದ್ದೇನೆ. ಅದಕ್ಕೂ ಮೊದಲು, 1904ರಲ್ಲಿ, ಹಾನ್ಸ್ ಡೆಮಾಂಟ್ ಎಂಬ ವ್ಯಾಪಾರಿ ಶ್ರವಣ ಸಾಧನ ತರಿಸಿ ಮಾರುವ ಉದ್ಯಮ ಶುರುಮಾಡಿದ. ಅವನ ಹೆಂಡತಿ ಕಮಿಲಾಗೆ ಕಿವಿ ಮಂದವಾಗಿತ್ತು. ಒಬ್ಬಳಿಗೆ ಕೇಳಿಸಲಿ ಎಂದು ಶುರುವಾದದ್ದು ಇಂದು ಒಟಿಕಾನ್ ಎಂಬ ಹೆಸರಿನಲ್ಲಿ ನಮ್ಮ ಊರುಗಳ ಅಂಗಡಿಯಲ್ಲೂ ಇದೆ.

ವಿಶ್ವವಿದ್ಯಾಲಯದ ದೊಡ್ಡ ಪ್ರತಿಧ್ವನಿರಹಿತ ಕೋಣೆಯ ವಿಷಯ ಓದಿದ್ದೆ. ಸುಮಾರು 1000 ಘನ ಮೀಟರ್. ಆರೂ ಕಡೆ ಚೂಪು ಬೆಣೆಗಳು. ಕಾಲಡಿಯೂ ಬೆಣೆಗಳೇ, ಅವುಗಳ ಮೇಲೆ ಬಿಗಿದ ತಂತಿಬಲೆಯ ಮೇಲೆ ನಡೆಯಬೇಕು. ನನಗೆ ಜೊತೆಯಾಗಿದ್ದ ಹಿರಿಯ ಸಂಶೋಧಕಿ ಬಾಗಿಲು ಮುಚ್ಚಿದರು. ನಾನು ಚಪ್ಪಾಳೆ ತಟ್ಟಿದೆ. ಅಂಗೈಗೆ ಪೆಟ್ಟು ಬಿದ್ದದ್ದು ಗೊತ್ತಾಯಿತು, ಸದ್ದು ಕೈಯಿಂದ ಬಿಡುಗಡೆಯೇ ಆಗಲಿಲ್ಲ ಅನ್ನಿಸಿತು. ಏನಾದರೂ ಮಾತಾಡಿ ಅಂದರು. “ಅಮ್ಮಾ” ಅಂದೆ, ಬಾಯಿಗೆ ಬಂದದ್ದು ಅದು. ಆ ಮಾತು ತುಟಿಯಿಂದ ಒಂದು ಗೇಣು ಮುಂದೆ ಹೋಗಿ ಬಿದ್ದುಹೋಯಿತು. ನಮ್ಮ ಧ್ವನಿ ಅಂತ ನಾವು ಅಂದುಕೊಂಡಿರುವುದರಲ್ಲಿ ಅರ್ಧ ಗೋಡೆಗಳದು ಎಂದು ಆಗ ತಿಳಿಯಿತು. ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಮೊದಲು ಉಸಿರು ಕೇಳಿಸಿತು, ಆಮೇಲೆ ಎದೆಬಡಿತ, ಆಮೇಲೆ ಕತ್ತು ತಿರುಗಿಸಿದರೆ ಮೂಳೆಯ ಸಣ್ಣ ಕಿರುಗುಟ್ಟು.

ಮನುಷ್ಯರ ಕಿವಿ ಹಿಡಿಯಬಲ್ಲ ಅತಿ ಸಣ್ಣ ಸದ್ದು ಎಂದು ಒಪ್ಪಿಕೊಂಡಿರುವ ಒತ್ತಡ 20 ಮೈಕ್ರೋಪ್ಯಾಸ್ಕಲ್. ನಮ್ಮ ಮೇಲೆ ಸದಾ ಇರುವ ಗಾಳಿಯ ಒತ್ತಡದ 500 ಕೋಟಿಯ ಒಂದು ಪಾಲು. ಅಷ್ಟಕ್ಕೆ ಕಿವಿಯ ತಮಟೆ ಅಲುಗುವುದು ಒಂದು ಹೈಡ್ರೋಜನ್ ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಈ ಲೆಕ್ಕವನ್ನು ಎಷ್ಟೋ ಸಲ ವಿದ್ಯಾರ್ಥಿಗಳಿಗೆ ಬರೆಸಿದ್ದೇನೆ. ಆ ಕೋಣೆಯಲ್ಲಿ ನಿಂತಾಗ ಮಾತ್ರ ಅದು ಮೈಗೆ ತಾಗಿತು.

ಹೊರಗೆ ಬಂದು ಕಾಫಿ ಕುಡಿಯುವಾಗ ಆ 35.5ರ ಮಾತು ತೆಗೆದೆ. ಅದರ ಕಥೆ ಸರಳ, ಸರಳವಾಗಿರುವುದರಿಂದಲೇ ಸುಂದರ. 18ರಿಂದ 25 ವರ್ಷದೊಳಗಿನ, ಕಿವಿಗೆ ಯಾವ ಕಾಯಿಲೆಯೂ ಇಲ್ಲದ ಹುಡುಗ ಹುಡುಗಿಯರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ, ಸೆಕೆಂಡಿಗೆ 20ರಂತೆ ಟಿಕ್‌ಗಳನ್ನು ಕೇಳಿಸುತ್ತಾ, ತಗ್ಗಿಸುತ್ತಾ, ಏರಿಸುತ್ತಾ, ಕೇಳಿಸಿದಾಗ ಗುಂಡಿ ಒತ್ತಿ ಎನ್ನುತ್ತಾರೆ. ಕೇಳಿಸಿತೋ ಇಲ್ಲವೋ ಎಂಬ ಹೊಸ್ತಿಲನ್ನು ಒಬ್ಬೊಬ್ಬರಲ್ಲೂ ಹುಡುಕಿ, ಒಟ್ಟು ಸೇರಿಸಿ ಸೊನ್ನೆ ಎನ್ನುತ್ತಾರೆ. ಇಂಥ ಅಳತೆಗಳು ಈ ವಿಶ್ವವಿದ್ಯಾಲಯದಲ್ಲಿ ನಡೆದಿವೆ, ಜರ್ಮನಿಯ ಬ್ರೌನ್‌ಶ್ವೈಗ್‌ನ ರಾಷ್ಟ್ರೀಯ ಮಾಪನ ಸಂಸ್ಥೆಯಲ್ಲೂ ನಡೆದಿವೆ. 2007ರಲ್ಲಿ ಐಎಸ್‌ಒ 389ರ ಆರನೆಯ ಭಾಗವಾಗಿ ಈ ಸೊನ್ನೆಗಳು ಅಚ್ಚಾದವು.

ಅದಕ್ಕೂ ಮೊದಲು? ಪ್ರತಿಯೊಂದು ಆಸ್ಪತ್ರೆಗೂ ಅದರದೇ ಸೊನ್ನೆ. ನಾನು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ವಿದ್ಯಾರ್ಥಿಯಾಗಿದ್ದಾಗ ನಾನೂ, ನನ್ನ ಸಹಪಾಠಿಗಳೂ ಹಾಗೆ ಗುಂಡಿ ಹಿಡಿದು ಎಷ್ಟೋ ಸಲ ಕೂತಿದ್ದೇವೆ. ಹತ್ತಾರು ಜನ ಗೆಳೆಯರ ಕಿವಿಯ ಸರಾಸರಿಯೇ ಆ ಯಂತ್ರದ ಸೊನ್ನೆಯಾಗುತ್ತಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವವಳು ತನ್ನ ಮೊಳಕೈಯಲ್ಲೇ ಮೊಳ ಅಳೆಯುವ ಹಾಗೆ. ಅವಳ ಮೊಳದಲ್ಲಿ ಮೋಸವಿಲ್ಲ, ಪಕ್ಕದವಳ ಮೊಳಕ್ಕೆ ಹೊಂದುವುದಿಲ್ಲ ಅಷ್ಟೆ. ಒಂದು ಊರಿನಲ್ಲಿ ಪಾಸಾದ ಕೂಸು ಇನ್ನೊಂದು ಊರಿನಲ್ಲಿ ಫೇಲಾಗದಿರಲಿ ಎಂದರೆ ಎಲ್ಲರಿಗೂ ಒಂದೇ ಮೊಳ ಬೇಕು. ಆ ಒಂದು ಮೊಳಕ್ಕಾಗಿ ಗುಂಡಿ ಹಿಡಿದು ಕೂತ, ಹೆಸರು ಗೊತ್ತಿಲ್ಲದ ಆ ಯುವಕ ಯುವತಿಯರನ್ನು ನಾನು ಅಲ್ಲಿ ಮನಸ್ಸಿನಲ್ಲೇ ನೆನೆದೆ. ಈಗ ಅವರಿಗೆಲ್ಲ ನಡುವಯಸ್ಸಾಗುತ್ತಿರಬೇಕು, ಅವರ ಕಿವಿಗಳೂ ಸವೆಯುತ್ತಿರಬೇಕು. ಅವರ ಇಪ್ಪತ್ತರ ಹರೆಯದ ಕಿವಿ ಮಾತ್ರ ಮಂಡ್ಯದ ಯಂತ್ರದೊಳಗೆ ಹಾಗೇ ಇದೆ.

ಒಂದು ಕೊರಗನ್ನೂ ಆ ಸಂಶೋಧಕಿಯ ಮುಂದೆ ಇಟ್ಟೆ. ನಮ್ಮ ಸೊನ್ನೆ ಹರೆಯದವರದು, ನಮ್ಮ ಕೃತಕ ಕಿವಿಯೂ ದೊಡ್ಡವರ ಕಿವಿಯ ಅಚ್ಚು. ಹಸುಗೂಸಿನ ಕಿವಿಯ ನಾಳ ಎಷ್ಟೋ ಚಿಕ್ಕದು. ಅದೇ ಟಿಕ್ ಅಲ್ಲಿ ಹೆಚ್ಚಿನ ಒತ್ತಡವಾಗಿ ಕೂರುತ್ತದೆ. ಯಂತ್ರ ಎಷ್ಟೇ ಸರಿಯಿದ್ದರೂ ಕೂಸಿನ ಕಿವಿಯೊಳಗೆ ನಿಜವಾಗಿ ಬಿದ್ದದ್ದು ಎಷ್ಟು ಎಂಬುದು ಬೇರೆಯೇ ಮಾತು. ಆಕೆ ಬಹಳ ಹೊತ್ತು ತಲೆಯಾಡಿಸಿದರು. ತಮ್ಮ ಬಟ್ಟಲಿನ ಅಂಚಿಗೆ ಬೆರಳು ತಾಗಿಸಿ, ಪಕ್ಕದ ಸಣ್ಣ ಲೋಟಕ್ಕೂ ತಾಗಿಸಿ, ಎರಡರ ಸ್ವರವನ್ನೂ ಕೇಳಿಸಿದರು. ಅಷ್ಟೇ ಉತ್ತರ.

ಮರುದಿನ ಚರ್ಪ್‌ನ ಪಾಠ. ಟಿಕ್‌ಗೆ ಒಂದು ತೊಡಕಿದೆ. ಒಳಕಿವಿಯ ಶಂಖವನ್ನು ಬಿಚ್ಚಿ ಹಾಸಿದರೆ ಸುಮಾರು 35 ಮಿಲಿಮೀಟರ್. ಬಾಗಿಲ ಬಳಿ ಕೀರಲು ಸ್ವರಗಳ ಮನೆ, ಒಳತುದಿಯಲ್ಲಿ ಗಡಸು ಸ್ವರಗಳ ಮನೆ. ಸದ್ದಿನ ಅಲೆ ಅಲ್ಲಿ ನಡೆದುಕೊಂಡು ಹೋಗುತ್ತದೆ ಎಂದು ತೋರಿಸಿದ್ದಕ್ಕೆ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಟಿಕ್‌ನಲ್ಲಿ ಎಲ್ಲ ಸ್ವರಗಳೂ ಒಟ್ಟಿಗೆ ಹೊರಡುತ್ತವೆ, ಆದರೆ ಗಡಸು ಸ್ವರ ತನ್ನ ಮನೆ ಮುಟ್ಟುವಾಗ ಕೆಲವು ಮಿಲಿಸೆಕೆಂಡ್ ತಡ. ನರಗಳು ಒಂದೇ ದನಿಯಲ್ಲಿ ಓಗೊಡುವುದಿಲ್ಲ. ಮದುವೆ ಮುಹೂರ್ತಕ್ಕೆ ಬೀದರಿನ ನೆಂಟರು ಹಿಂದಿನ ರಾತ್ರಿಯೇ ಬಸ್ಸು ಹತ್ತುತ್ತಾರೆ, ಶ್ರೀರಂಗಪಟ್ಟಣದವರು ಬೆಳಿಗ್ಗೆ ಸ್ನಾನ ಮಾಡಿ ಹೊರಡುತ್ತಾರೆ. ಆದರೂ ಧಾರೆಯ ಹೊತ್ತಿಗೆ ಎಲ್ಲರೂ ಚಪ್ಪರದಲ್ಲಿರುತ್ತಾರೆ. ಡೆನ್ಮಾರ್ಕಿನ ಕ್ಲಾಸ್ ಎಲ್ಬರ್ಲಿಂಗ್ ಮತ್ತು ಸಂಗಡಿಗರು ಚರ್ಪ್ ಎಂಬ ಸದ್ದಿನಲ್ಲಿ ಇದನ್ನೇ ಮಾಡಿದರು: ಗಡಸು ಸ್ವರವನ್ನು ಮೊದಲು ಕಳಿಸಿ, ಕೀರಲನ್ನು ಕೊನೆಗೆ ಕಳಿಸಿದರು. ಎಲ್ಲರೂ ಒಟ್ಟಿಗೆ ಮುಟ್ಟಿದಾಗ ಐದನೆಯ ಉಬ್ಬು ದೊಡ್ಡದಾಗಿ ಎದ್ದು ನಿಂತಿತು. ಕೇಳಲು ಅದೂ ಟಿಕ್ ಎಂದೇ ಕೇಳಿಸುತ್ತದೆ. ಆಸಿಲೋಸ್ಕೋಪಿನಲ್ಲಿ ನೋಡಿದಾಗ ಮಾತ್ರ ಮೊದಲು ಅಗಲ ಅಲೆ, ಬರಬರುತ್ತಾ ಕಿರಿದು, ಕೊನೆಗೆ ಸೂಜಿ. ದಡಕ್ಕೆ ಓಡಿಬರುವ ಅಲೆಯ ಹಾಗೆ.

ಇನ್ನು ಉಳಿದದ್ದು ಕೊನೆಯ ಪ್ರಶ್ನೆ. ಮೀಟರಿಗೆ ಪಿಸ್ಟನ್‌ಫೋನ್ ಹೇಳಿತು, ಅದಕ್ಕೆ ಯಾರು ಹೇಳಿದರು?

ಲ್ಯುಂಗ್‌ಬಿಯಿಂದ ಇನ್ನೂ ಉತ್ತರಕ್ಕೆ ಹೋದರೆ ಹೋರ್ಸ್‌ಹೋಮ್. ಅಲ್ಲಿದೆ ಡಿಎಫ್‌ಎಂ ಎಂಬ ಡೆನ್ಮಾರ್ಕಿನ ರಾಷ್ಟ್ರೀಯ ಮಾಪನ ಸಂಸ್ಥೆ. ದಾರಿಯ ಎರಡೂ ಬದಿ ಬೋಳು ಮರಗಳು, ಬಿಳಿ ಹೊಲಗಳು. ತಲಕಾವೇರಿಗೆ ಮೊದಲ ಸಲ ಹೋದಾಗ ಚಿಕ್ಕವನಿದ್ದೆ, ಭೋರ್ಗರೆಯುವ ಏನನ್ನೋ ನಿರೀಕ್ಷಿಸಿ ಹೋಗಿ ಆ ಸಣ್ಣ ಕುಂಡಿಕೆಯನ್ನು ಕಂಡು ಬಾಯಿ ಬಿಟ್ಟಿದ್ದೆ. ಇಲ್ಲಿಯೂ ಹಾಗೇ ಆಯಿತು. ಮೇಜಿನ ಮೇಲೆ ಅಂಗೈಯಲ್ಲಿ ಅಡಗುವ ಒಂದು ಟೊಳ್ಳು ಕೊಳವೆ. ಅದರ ಎರಡು ತುದಿಗೆ ಎದುರುಬದುರಾಗಿ ಎರಡು ಮೈಕ್ರೋಫೋನು. ಮೂರನೆಯದು ಪಕ್ಕದ ಪೆಟ್ಟಿಗೆಯಲ್ಲಿ. ಅಷ್ಟೇ.

ಈ ಮೈಕ್ರೋಫೋನಿನ ಪರದೆ ಕೆಲವೇ ಮೈಕ್ರಾನ್ ದಪ್ಪದ ಲೋಹದ ಪೊರೆ. ಅದರ ಹಿಂದೆ, ಕೂದಲಿಗಿಂತ ಕಿರಿದಾದ ಸಂದು ಬಿಟ್ಟು ಇನ್ನೊಂದು ತಟ್ಟೆ. ಸದ್ದು ಬಂದರೆ ಪೊರೆ ಅಲುಗಿ ವೋಲ್ಟೇಜು ಹುಟ್ಟುತ್ತದೆ. ವೋಲ್ಟೇಜು ಕೊಟ್ಟರೆ ಪೊರೆ ಅಲುಗಿ ಸದ್ದು ಹುಟ್ಟುತ್ತದೆ. ಕೇಳುವುದರಲ್ಲಿ ಎಷ್ಟು ಚುರುಕೋ ಹೇಳುವುದರಲ್ಲೂ ಅಷ್ಟೇ ಚುರುಕು, ಇದು ಅದರ ಹುಟ್ಟುಗುಣ. ಒಂದು ಹೇಳುತ್ತದೆ, ಎದುರಿನದು ಕೇಳುತ್ತದೆ. ಅಲ್ಲಿ ಸಿಗುವುದು ಇಬ್ಬರ ಚುರುಕಿನ ಗುಣಲಬ್ಧ. ಹಾಗೆ ಒಂದು ಮತ್ತು ಎರಡು, ಎರಡು ಮತ್ತು ಮೂರು, ಮೂರು ಮತ್ತು ಒಂದು. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಕೊಡುತ್ತಿದ್ದ ಲೆಕ್ಕ ನೆನಪಿದೆಯೇ? ರಾಮ ಭೀಮರ ವಯಸ್ಸು ಕೂಡಿದರೆ ಇಷ್ಟು, ಭೀಮ ಸೋಮರದು ಇಷ್ಟು, ಸೋಮ ರಾಮರದು ಇಷ್ಟು, ಒಬ್ಬೊಬ್ಬರ ವಯಸ್ಸೆಷ್ಟು? ಅದೇ ಲೆಕ್ಕ. ಯಾರ ವಯಸ್ಸೂ ಮೊದಲೇ ಗೊತ್ತಿರಬೇಕಿಲ್ಲ. 1940ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಇಂದು ಒಂದು ಮೈಕ್ರೋಫೋನನ್ನು ಡೆಸಿಬೆಲ್‌ನ ನೂರರಲ್ಲಿ ಕೆಲವೇ ಪಾಲಿನ ಅನುಮಾನದೊಳಗೆ ಅಳೆಯುತ್ತಾರೆ.

ಅಲ್ಲಿ ಬೇಕಾದದ್ದು ವೋಲ್ಟು, ವಿದ್ಯುತ್ ಪ್ರವಾಹ, ಆ ಟೊಳ್ಳಿನ ಉದ್ದಗಲ, ಒಳಗಿನ ಗಾಳಿಯ ಒತ್ತಡ, ಬಿಸಿ, ತೇವ. ಸದ್ದಿಗೆ ಬೇರೆ ಸದ್ದಿನ ಸಾಕ್ಷಿ ಬೇಕಿಲ್ಲ. ಆ ಮೂರು ಮೈಕ್ರೋಫೋನುಗಳು ಸರದಿಯಂತೆ ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು. ಹೊರಗೆ ನಮಗೆ ಏನೂ ಕೇಳಿಸುತ್ತಿರಲಿಲ್ಲ. ಕಿಟಕಿಯಾಚೆ ಮತ್ತೆ ಹಿಮ ಬೀಳತೊಡಗಿತ್ತು. ನಾನು ಚೀಲದಿಂದ ಬ್ಯಾರೋಮೀಟರ್ ತೆಗೆದು ಆ ಮೇಜಿನ ಅಂಚಿಗೆ ಸ್ವಲ್ಪ ಹೊತ್ತು ಇಟ್ಟೆ. ಅಲ್ಲಿನವರು ಯಾಕೆ ಎಂದು ಕೇಳಲಿಲ್ಲ.

ಊರಿಗೆ ಬಂದ ಮೇಲೆ ವಾರ್ಷಿಕ ಕ್ಯಾಲಿಬ್ರೇಷನ್ನಿಗೆ ಆ ಮಂಡ್ಯ ಸೀಮೆಯ ಆಸ್ಪತ್ರೆಗೆ ಹೋದೆ. ಮೈಸೂರಿಗಿಂತ ತಗ್ಗಿನ ಊರು. ಮುಳ್ಳು ಮೈನಸ್ 0.7ರಲ್ಲಿ ನಿಂತಿತು. ಪಿಸ್ಟನ್‌ಫೋನ್ ಗುಂಯ್ ಎಂದಿತು, 123.3 ಎಂದು ರಿಜಿಸ್ಟರಿನಲ್ಲಿ ಬರೆದೆ. ಕೃತಕ ಕಿವಿ ಜೋಡಿಸಿ, ಟಿಕ್‌ನ ಶಿಖರಕ್ಕೂ ಕಣಿವೆಗೂ ಗೆರೆ ಎಳೆದು, ಸ್ವರವನ್ನು ಏರಿಸಿದೆ. 70ಕ್ಕೆ 105.4. ಆ ಸಂಖ್ಯೆಯನ್ನು ಎರಡು ಸಲ ಅಳೆದೆ.

ಅಜ್ಜಿ ಬಂದಿದ್ದರು. ಮೊಮ್ಮಗಳ ಶ್ರವಣ ಸಾಧನದ ಅಚ್ಚು ಸಣ್ಣದಾಗಿತ್ತಂತೆ, ಹೊಸದು ತೆಗೆಸಲು. ಮಗು ಈಗ ಬೆಂಚು ಹಿಡಿದು ನಿಲ್ಲುತ್ತಿತ್ತು. ಅಜ್ಜಿ ಬಾಗಿಲಲ್ಲೇ ನಿಂತು ನನ್ನ ಸಾಮಾನುಗಳನ್ನೆಲ್ಲ ನೋಡಿ ಕೇಳಿದರು, “ಅದ್ಯಾವ ಸದ್ದಪ್ಪಾ, ಅವತ್ತು ಕೂಸಿನ ಕಿವಿಗೆ ಬುಟ್ಟಿದ್ದು?”

ಕೂರಿಸಿ, ಹೊಸ ಫೋಮ್ ತುದಿ ಹಾಕಿ, ಕಿವಿಗೆ ಇಟ್ಟೆ. ಕೇಳಿಸಿದರೆ ಬೆರಳೆತ್ತಿ ಎಂದೆ. 70. ಬೆರಳು ತಟ್ಟನೆ ಎದ್ದಿತು. “ಹುಳ್ಳಿಕಾಳು ಹುರ್ದಂಗದೆ,” ಎಂದು ನಕ್ಕರು. 60. ಬೆರಳೆತ್ತಿದರು. 55. ಕಣ್ಣು ಮುಚ್ಚಿಕೊಂಡು ಎತ್ತಿದರು. 50. ಸ್ವಲ್ಪ ತಡೆದು ಎತ್ತಿದರು. 45ಕ್ಕೆ ಇಳಿಸಿದೆ.

ಬೆರಳು ಮಡಿಲಲ್ಲೇ ಇತ್ತು. ಕಣ್ಣು ಮುಚ್ಚಿಯೇ ಇತ್ತು, ಮುಖವೆಲ್ಲ ಕಿವಿಯಾಗಿ ಕಾಯುತ್ತಿದ್ದರು. ಕೊನೆಗೆ ಕಣ್ಣು ಬಿಟ್ಟು ಕೇಳಿದರು, “ನಿಲ್ಲುಸ್ಬುಟ್ಯೇನಪ್ಪಾ?”

ಕೊಳವೆಯೊಳಗೆ ಟಿಕ್ ಇನ್ನೂ ನಡೆಯುತ್ತಲೇ ಇತ್ತು.